ಪದ್ಯ ಉಳಿಯಿತು, ಪ್ರಶ್ನೆಗಳು ಹೋದವು

ಆದೋನಿಯ ಹತ್ತಿ ಮಾರುಕಟ್ಟೆಗೆ ಬೆನ್ನು ಹಾಕಿ ನಿಂತ ಓಣಿಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದ ಮುದ್ರಣಾಲಯವಿದೆ. ಗಡಿಯಾಚೆ, ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ ಊರಿಗೆ ಮರಳಿದವಳಿಗೆ ಕನ್ನಡದ ಅಕ್ಷರಗಳೊಡನೆ ದಿನ ಕಳೆಯುವ ಕೆಲಸ ಸಿಕ್ಕಿದ್ದು ಅದೊಂದೇ ಕಡೆ. ಮೊದಲ ದಿನ ಪುಟ ಕಟ್ಟುವ ತಂತ್ರಾಂಶವನ್ನು ತೆರೆದು, ಪರದೆಯ ಬಲಗಡೆ ಸಾಲಾಗಿ ನಿಂತಿದ್ದ ಹೆಸರುಗಳನ್ನು ಓದಿ ನಕ್ಕುಬಿಟ್ಟೆ: ‘ಸೇಟು ಮದುವಿ ದೊಡ್ಡದು’, ‘ಸೇಟು ಮದುವಿ ಸಣ್ಣದು’, ‘ಎಲೆಕ್ಷನ್ ದಪ್ಪ’, ‘ಜಿನ್ನಿಂಗ್ ಬಿಲ್’, ‘ತಿಥಿ ಕರಿ ಗೆರಿ’.

ಅವು ಬರಹದ ಶೈಲಿಗಳ ಹೆಸರುಗಳು. ಪುಟ ಕಟ್ಟುವವರನ್ನು ಬಿಟ್ಟರೆ ಈ ವಿಷಯ ತಿಳಿದವರು ಕಡಿಮೆ, ಆದ್ದರಿಂದ ಹೇಳಬೇಕು. ಒಂದು ಪುಸ್ತಕದಲ್ಲಿ ಶೀರ್ಷಿಕೆ, ಪಾಠ, ಪದ್ಯ, ಪ್ರಶ್ನೆ ಎಂದು ಬಗೆಬಗೆಯ ಬರಹಗಳಿರುತ್ತವೆ. ಪ್ರತಿಯೊಂದಕ್ಕೂ ಯಾವ ಫಾಂಟ್, ಎಷ್ಟು ಗಾತ್ರ, ಸಾಲುಗಳ ನಡುವೆ ಎಷ್ಟು ಜಾಗ ಎಂಬುದನ್ನು ಒಮ್ಮೆ ನಿಶ್ಚಯಿಸಿ, ಆ ನಿಶ್ಚಯಕ್ಕೊಂದು ಹೆಸರಿಡುತ್ತೇವೆ. ಆಮೇಲೆ ಆಯಾ ಸಾಲಿಗೆ ಆ ಹೆಸರನ್ನು ಕೊಟ್ಟರೆ ಸಾಕು. ಹೆಸರಿನ ಹಿಂದಿರುವ ನಿಶ್ಚಯವನ್ನು ಯಾರಾದರೂ ಬದಲಿಸಿದರೆ, ಆ ಹೆಸರು ಹೊತ್ತ ಸಾಲುಗಳೆಲ್ಲ ಪುಸ್ತಕದುದ್ದಕ್ಕೂ ಒಂದೇ ಗಳಿಗೆಯಲ್ಲಿ ಬದಲಾಗುತ್ತವೆ. ಹೆಸರು ಯಾರ ಕೈಯಲ್ಲಿದೆಯೋ ಪುಸ್ತಕ ಅವರ ಕೈಯಲ್ಲಿರುತ್ತದೆ. ಇದನ್ನು ನಾನು ಮೊದಲೇ ಬಲ್ಲೆ. ಬಲ್ಲವಳಾಗಿದ್ದೂ ಏನನ್ನೂ ತಡೆಯಲಾಗಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಮುದ್ರಣಾಲಯದ ಒಡೆಯರು ಹತ್ತಿ ವ್ಯಾಪಾರದ ಮನೆತನದವರು. ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು. ನನ್ನ ತಂದೆಯ ಗೆಳೆಯರಾದ್ದರಿಂದ ನನಗೆ ಮಾಮ.

“ಮಾಮಾ, ಇವೇನು ಹೆಸರು?” ಎಂದೆ.

“ಯಾಕವ್ವಾ, ಚಂದ ಇಲ್ಲೇನು? ‘ಸೇಟು ಮದುವಿ’ ಅಂದ್ರ ನನಗ ಆ ಕಾರ್ಡೇ ಕಣ್ಣಿಗೆ ಕಟ್ತೈತಿ. ಮೊದ್ಲ ಯಾರ ಕೆಲ್ಸಕ್ಕ ಆ ಅಕ್ಷರ ಮಾಡಿನೋ ಅವರ ಹೆಸರೇ ಅದಕ್ಕ.”

“ಹಂಗಾರ ‘ತಿಥಿ ಕರಿ ಗೆರಿ’ನ ಮೊನ್ನಿ ತೊಟ್ಟಿಲ ಕಾರ್ಡಿಗೆ ಹಾಕೀರಲ್ಲ?”

“ಗೆರಿ ಅಷ್ಟೇ ಹಾಕೀನಿ, ತಿಥಿ ಹಾಕಿಲ್ಲ. ನೀ ಎಂ.ಎ. ಓದಿದಾಕಿ, ನೀನೇ ಒಳ್ಳೆ ಹೆಸರಿಡು. ನಾ ಓಣಿಗೆಲ್ಲಾ ಸಕ್ಕರಿ ಹಂಚ್ತೀನಿ.”

ಅಲ್ಲಿ ಹೊಸ ಕೆಲಸವೆಂದರೆ ಹಳೆಯ ಕೆಲಸದ ನಕಲು. ನಮ್ಮ ಕಡೆ ಮದುವೆಯ ಕಾರ್ಡು ಎರಡು ಬಗೆಯಾಗಿ ಅಚ್ಚಾಗುತ್ತದೆ: ಈ ಕಡೆಯ ನೆಂಟರಿಗೆ ತೆಲುಗು, ರಾಯಚೂರು ಬಳ್ಳಾರಿ ಕಡೆಯ ನೆಂಟರಿಗೆ ಕನ್ನಡ. ಮಾಮ ತೆಲುಗು ಕಾರ್ಡು ಮುಗಿಸಿ, ಅದೇ ಫೈಲನ್ನು ನಕಲು ಮಾಡಿ, ಅವೇ ಹೆಸರುಗಳಡಿ ಕನ್ನಡ ಕೂರಿಸುತ್ತಿದ್ದರು. ಒಮ್ಮೆ ತೆಲುಗಿನ ಶೈಲಿಗಳನ್ನು ಕನ್ನಡದ ಫೈಲಿಗೆ ತಂದುಕೊಂಡರಂತೆ. ಹೆಸರು ಒಂದೇ ಆದ್ದರಿಂದ ಬಂದದ್ದು ಇದ್ದದ್ದನ್ನು ಅಳಿಸಿ, ಕನ್ನಡದ ಸಾಲುಗಳಿಗೆಲ್ಲ ತೆಲುಗು ಫಾಂಟು ಕೂತಿತು. ಆ ಫಾಂಟಿನಲ್ಲಿ ಕನ್ನಡದ ಅಕ್ಷರಗಳಿರಲಿಲ್ಲ. ಇಲ್ಲದ ಅಕ್ಷರದ ಜಾಗದಲ್ಲಿ ತಂತ್ರಾಂಶ ಒಂದು ಖಾಲಿ ಚೌಕ ಇಡುತ್ತದೆ. ಮದುಮಗನ ಹೆಸರಿದ್ದಲ್ಲಿ ಚೌಕಗಳ ಸಾಲು.

“ಆಮ್ಯಾಲೆ?”

“ಆಮ್ಯಾಲೇನು, ಮದುವಿ ಕಾರ್ಡವ್ವಾ ಅದು! ಪ್ರೂಫ್ ನೋಡಾಕ ಗಂಡಿನ ಅಪ್ಪ, ದೊಡ್ಡಪ್ಪ, ಅತ್ತಿ ಎಲ್ಲಾರು ಬಂದಿದ್ರು. ‘ನಮ್ಮ ಹುಡುಗಗ ಡಬ್ಬಿ ಅಂತ ಹೆಸರಿಟ್ಟೀರೇನ್ರಿ’ ಅಂತ ಆ ಅತ್ತಿನೇ ಮೊದ್ಲ ಹಿಡದ್ಳು.”

ಆಗ ನಾನೂ ನಕ್ಕಿದ್ದೆ. ಮದುವೆಯ ಕಾರ್ಡನ್ನು ಅಚ್ಚಿಗೆ ಮುನ್ನ ಮನೆಮಂದಿಯೆಲ್ಲ ಓದುತ್ತಾರೆ. ಮಕ್ಕಳ ಪುಸ್ತಕವನ್ನು ಯಾರು ಓದುತ್ತಾರೆ ಎಂದು ಕೇಳಿಕೊಳ್ಳುವ ಪ್ರಸಂಗ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಅಭ್ಯಾಸ ಪುಸ್ತಕದ ರೂಪದಲ್ಲಿ. ತೆಲುಗು ಮಾಧ್ಯಮದ ಮಕ್ಕಳಿಗೆ ಪ್ರತಿ ಅಂಗಡಿಯಲ್ಲೂ ಗೈಡುಗಳು ಸಿಗುತ್ತವೆ. ಕರ್ನಾಟಕದ ಗೈಡುಗಳು ನಮ್ಮ ಪಠ್ಯಕ್ಕೆ ಹೊಂದುವುದಿಲ್ಲ. ಆದೋನಿಯಿಂದ ತುಂಗಭದ್ರೆಯ ದಂಡೆಯವರೆಗೆ ಅಲ್ಲೊಂದು ಇಲ್ಲೊಂದು ಉಳಿದಿರುವ ಕನ್ನಡ ಶಾಲೆಗಳ ಮಕ್ಕಳಿಗೆ ಪರೀಕ್ಷೆಗೆ ಮುನ್ನ ಪ್ರಶ್ನೆಗಳನ್ನು ಬಿಡಿಸಿ ಕೈ ಪಳಗಿಸಿಕೊಳ್ಳಲು ಇರುವುದು ಆ ಒಂದೇ ಪುಸ್ತಕ. ಅದನ್ನು ಹೊರತರುವ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕನ್ನಡ ಬಲ್ಲವರಿಲ್ಲದ ಕಾರಣ ಕನ್ನಡದ ಪುಟಗಳನ್ನು ಕಟ್ಟಿಕೊಡುವ ಕೆಲಸ ಮಾಮನಿಗೆ, ಅಂದರೆ ನನಗೆ, ಬಂತು. ಪ್ರಶ್ನೆಗಳನ್ನು ರಚಿಸಿದವರು ನನ್ನ ಸಣ್ಣಮ್ಮ, ಅವ್ವನ ತಂಗಿ, ಮಾಧವರಂ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವಾಕೆ.

ಸಣ್ಣಮ್ಮನ ಪ್ರಶ್ನೆಗಳಿಗೆ ಒಂದು ಗುರುತಿತ್ತು. ಅರ್ಥ ಬರೆಯಿರಿ, ಸಾರಾಂಶ ಬರೆಯಿರಿ ಎಂಬವೆಲ್ಲ ಮುಗಿದ ಮೇಲೆ, ಪ್ರತಿ ಪದ್ಯದ ಕೊನೆಗೆ ಆಕೆ ಒಂದು ಪ್ರಶ್ನೆ ಕೇಳುತ್ತಿದ್ದಳು: ‘ಈ ಪದ್ಯದಲ್ಲಿ ನೀನು ಒಪ್ಪದ ಮಾತು ಯಾವುದು? ಏಕೆ?’ ಪರೀಕ್ಷೆಯಲ್ಲಿ ಇಂಥದ್ದು ಬರುವುದಿಲ್ಲ ಎಂದು ಕಚೇರಿಯವರು ಆಕ್ಷೇಪಿಸಿದಾಗ, “ಪರೀಕ್ಷಿ ಆದ ಮ್ಯಾಲೆ ಬರ್ತೈತ್ರಿ” ಎಂದು ಉತ್ತರಿಸಿದ್ದಳಂತೆ.

ನಾನು ಶ್ರದ್ಧೆಯಿಂದ ಹೆಸರಿಟ್ಟೆ. ‘ಕನ್ನಡ ಪಾಠ’, ‘ಕನ್ನಡ ಪದ್ಯ’, ‘ಕನ್ನಡ ಪ್ರಶ್ನೆ ಸಣ್ಣದು’, ‘ಕನ್ನಡ ಪ್ರಶ್ನೆ ದೊಡ್ಡದು’. ಪ್ರತಿ ಹೆಸರಿನ ಮುಂದೆ ‘ಕನ್ನಡ’ ಎಂದು ಸೇರಿಸಿದ್ದು ಅಭಿಮಾನಕ್ಕಲ್ಲ. ತೆಲುಗಿನ ಯಾವ ಶೈಲಿಯೂ ಇದರ ಮೇಲೆ ಬಂದು ಕೂರದಿರಲಿ ಎಂದು. ಪುಟಗಳು ಸಿದ್ಧವಾದವು. ಸಣ್ಣಮ್ಮ ಒಂದು ಭಾನುವಾರ ಬಂದು, ಪರದೆಯ ಮೇಲೆಯೇ ಪ್ರತಿಯೊಂದನ್ನೂ ಓದಿ, ನನ್ನ ಎರಡು ತಪ್ಪು ಹಿಡಿದು, ಮಾಮನ ಚಹಾ ಕುಡಿದು ಹೋದಳು. ಫೈಲು ಕಚೇರಿಗೆ ಹೋಯಿತು.

ಮರುವಾರ ಅಲ್ಲಿಂದ ಫೋನು. ಪುಸ್ತಕಗಳ ವಿನ್ಯಾಸದ ಉಸ್ತುವಾರಿಯಲ್ಲಿದ್ದ ಅಧಿಕಾರಿ, ತೆಲುಗಿನಲ್ಲಿ.

“ಅಮ್ಮಾ, ಮೀ ಸ್ಟೈಲ್ ಪೇರ್ಲು ಮಾಕು ಕನಪಡಟಂ ಲೇದು. ಅನ್ನೀ ಡಬ್ಬಾಲೇ.”

ನಾನಿಟ್ಟ ಹೆಸರುಗಳು ಅವರ ಯಂತ್ರದಲ್ಲಿ ಕಾಣುತ್ತಿಲ್ಲ, ಎಲ್ಲ ಬರೀ ಡಬ್ಬಿಗಳು ಎಂಬುದು ದೂರು. ಎಲ್ಲ ಮಾಧ್ಯಮದ ಪುಸ್ತಕಗಳಿಗೂ ಶೈಲಿಗಳ ಹೆಸರು ಒಂದೇ ಇರಬೇಕೆಂದು ನಿರ್ಧಾರವಾಗಿದೆ. ಇಂಗ್ಲಿಷಿನಲ್ಲಿ ‘ಮೇನ್’, ‘ಕ್ವೆಶ್ಚನ್’, ‘ಆನ್ಸರ್’ ಎಂದು ಬದಲಿಸಿ ಕಳಿಸಿ ಎಂದರು. ನಾನು ತೆಲುಗಿನಲ್ಲೇ ವಿವರಿಸಿದೆ: ಇಂಗ್ಲಿಷ್ ಹೆಸರಿಗೆ ನನ್ನ ಅಡ್ಡಿಯಿಲ್ಲ, ಒಂದೇ ಹೆಸರಿಗೆ ಅಡ್ಡಿಯಿದೆ. ನಾಳೆ ನಿಮ್ಮಲ್ಲಿ ಯಾರಾದರೂ ತೆಲುಗಿನ ಶೈಲಿಗಳನ್ನು ಕನ್ನಡದ ಫೈಲಿಗೆ ತಂದರೆ ಕನ್ನಡವೆಲ್ಲ ಡಬ್ಬಿಯಾಗುತ್ತದೆ. ಹೆಸರಿನ ಮುಂದೆ ಕನ್ನಡದ ಗುರುತಿಗೆ ‘ಕೆ’ ಎಂಬ ಒಂದು ಇಂಗ್ಲಿಷ್ ಅಕ್ಷರವನ್ನಾದರೂ ಉಳಿಸಿಕೊಳ್ಳಲು ಬಿಡಿ.

“ಅದಂತಾ ಮಾ ವಾಳ್ಳು ಚೂಸುಕುಂಟಾರಮ್ಮಾ,” ಎಂದರು. ಅದನ್ನೆಲ್ಲ ನಮ್ಮವರು ನೋಡಿಕೊಳ್ಳುತ್ತಾರೆ.

‘ನಮ್ಮವರು’ ಯಾರು ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದರು. ನಾನು ಮಾಮನ ಮುಂದೆ ಸಿಡುಕಿದೆ.

“ನೋಡವ್ವಾ, ಅವರು ಹೇಳ್ದಂಗ ಮಾಡಿ ಕಳಿಸಿಬಿಡು,” ಎಂದರು ಮಾಮ. “ಹೆಸರಿಗೆ ಯಾಕ ಜಗಳ? ಹೆಸರೇನು ಪ್ರಿಂಟ್ ಆಗ್ತೈತೇನು?”

“ನಿಮ್ಮ ಡಬ್ಬಿ ಮದುಮಗನ್ನ ಮರ್ತೀರೇನ್ ಮಾಮಾ?”

“ಮರ್ತಿಲ್ಲವ್ವಾ. ಆದ್ರ ಅವರು ಆಫೀಸಿನೋರು. ಈ ಕೆಲ್ಸ ಕೈ ಬಿಟ್ಟೋದ್ರ ವರ್ಷೆಲ್ಲಾ ಲಗ್ನದ ಸೀಜನ್ ಕಾಯ್ಕಂತ ಕುಂದ್ರಬೇಕು ನಾವು. ಪ್ರೂಫ್ ಕಳಿಸ್ರಿ ಅಂತ ಕೇಳ್ತೀನಿ, ಆತಲ್ಲ?”

ಅವರು ಕೇಳಿದರು, ಸಣ್ಣಮ್ಮನೂ ಕೇಳಿದಳು. ಪರೀಕ್ಷೆ ಹತ್ತಿರವಿದೆ, ಪ್ರೂಫಿಗೆ ಸಮಯವಿಲ್ಲ, ಇಲ್ಲಿಯೇ ನೋಡಲಾಗಿದೆ ಎಂದು ಇಬ್ಬರಿಗೂ ಒಂದೇ ಉತ್ತರ. ನಾನು ಪ್ರತಿಭಟನೆಯ ನಾಲ್ಕು ಸಾಲನ್ನು ಬರೆದು, ಅವರು ಬೇಡಿದ ಹೆಸರುಗಳನ್ನಿಟ್ಟು ಫೈಲನ್ನು ಮತ್ತೆ ಕಳಿಸಿದೆ. ಪದ್ಯಗಳಿಗೆ ಮಾತ್ರ ನಾನಿಟ್ಟ ಹೆಸರೇ ಉಳಿಯಿತು. ಪದ್ಯಕ್ಕೆಂದು ಬೇರೆ ಶೈಲಿ ಅವರ ಪಟ್ಟಿಯಲ್ಲಿರಲಿಲ್ಲ. ಆ ಮರೆವಿನಿಂದಾಗಿ ಪದ್ಯಗಳು ಬದುಕಿದವು ಎಂಬುದು ತಿಳಿದದ್ದು ಆಮೇಲೆ.

ಪುಸ್ತಕಗಳು ಶಾಲೆಗೆ ಬಂದ ದಿನ ಸಣ್ಣಮ್ಮ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಫೋನು ಮಾಡಿದಳು.

“ಪುಸ್ತಕ ಬಂದಾವ.”

“ಹೆಂಗ ಬಂದಾವ ಸಣ್ಣಮ್ಮ?”

“ನೀ ಬಾ. ಬಂದು ನೋಡು.”

ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ಹೋದೆ. ಬಿಸಿಲಿಗೆ ಬಸ್ಸಿನ ಕಂಬಿ ಮುಟ್ಟಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಬಣ್ಣ ಮಾಸಿರಬಹುದು, ಪುಟ ಅದಲುಬದಲಾಗಿರಬಹುದು. ಸಣ್ಣಮ್ಮ ಸಿಬ್ಬಂದಿ ಕೋಣೆಯಲ್ಲಿ ಒಂದು ಪುಸ್ತಕವನ್ನು ಬಿಡಿಸಿಟ್ಟು ಕೂತಿದ್ದಳು. ಪುಟದ ಮೇಲ್ಭಾಗದಲ್ಲಿ ಪದ್ಯ, ನಾನು ಕೂರಿಸಿದ ಹಾಗೆಯೇ, ಒಂದು ಒತ್ತಕ್ಷರವೂ ಕದಲದೆ. ಅದರ ಕೆಳಗೆ ಅಂಕಿ ಒಂದು, ಆಮೇಲೆ ಚೌಕಗಳು. ಅಂಕಿ ಎರಡು, ಚೌಕಗಳು. ಪದಗಳ ನಡುವಿನ ಜಾಗ ಹಾಗೇ ಇತ್ತು, ಸಾಲಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇತ್ತು. ಎರಡನೆಯ ಪುಟದಲ್ಲಿ ಸಲಹೆಗಾರರು, ಮಾರ್ಗದರ್ಶಕರು, ಅವರ ಹುದ್ದೆಗಳು ಇಂಗ್ಲಿಷಿನಲ್ಲಿ ನಿಚ್ಚಳವಾಗಿದ್ದವು. ಪ್ರಶ್ನೆ ರಚಿಸಿದವರ ಹೆಸರಿನ ಜಾಗದಲ್ಲಿ ಚೌಕಗಳು.

ಸಣ್ಣಮ್ಮ ಅಳಲಿಲ್ಲ, ಬೈಯಲಿಲ್ಲ. “ಕೂಡು. ಮಜ್ಜಿಗಿ ಕುಡಿ. ಬಿಸಿಲಾಗ ಬಂದೀ,” ಎಂದಳು.

ಮಜ್ಜಿಗೆಯನ್ನು ಪಕ್ಕಕ್ಕಿಟ್ಟು ಅಲ್ಲಿಂದಲೇ ಕಚೇರಿಗೆ ಫೋನು ಮಾಡಿದೆ. ನನ್ನ ಪ್ರಶ್ನೆ ಸರಳವಾಗಿತ್ತು: ತೆಲುಗಿನ ಶೈಲಿಗಳನ್ನು ಈ ಫೈಲಿಗೆ ತಂದವರು ಯಾರು? ಅಧಿಕಾರಿ ವಿನ್ಯಾಸಕನನ್ನು ಕೇಳಿ ಎಂದರು. ವಿನ್ಯಾಸಕ, ನಮಗೆ ಫೈಲು ಬಂದದ್ದೇ ಹಾಗೆ ಎಂದ. ದೂರದ ಊರಿನಲ್ಲಿ ಅದನ್ನು ಅಚ್ಚು ಮಾಡಿದವರು, ನಾವು ಕೊಟ್ಟದ್ದನ್ನು ಒತ್ತುವವರು, ಓದುವವರಲ್ಲ ಎಂದರು. ಮತ್ತೆ ಅಧಿಕಾರಿಯ ಬಳಿಗೇ ಬಂದರೆ, ವಿಷಯ ಶಿಕ್ಷಕರು ಒಪ್ಪಿಗೆ ಕೊಟ್ಟಿದ್ದಾರಲ್ಲ ಎಂದರು. ಆ ವಿಷಯ ಶಿಕ್ಷಕಿ ನನ್ನ ಪಕ್ಕದಲ್ಲೇ ಕೂತಿದ್ದಳು.

ಅಕ್ಷರ ಕಾಣೆಯಾದಾಗ ಆ ತಂತ್ರಾಂಶ ಸುಮ್ಮನಿರುವುದಿಲ್ಲ. ಚೌಕಗಳ ಹಿಂದೆ ಢಾಳಾದ ಗುಲಾಬಿ ಬಣ್ಣ ಬಳಿದು, ಇಲ್ಲೇನೋ ತಪ್ಪಿದೆ ಎಂದು ತೋರಿಸುತ್ತದೆ. ಅಂದರೆ ಆ ಪುಸ್ತಕದ ಹೆಚ್ಚುಕಡಿಮೆ ಪ್ರತಿ ಪುಟವೂ ಯಾರದೋ ಕಣ್ಣ ಮುಂದೆ ಗುಲಾಬಿಯಾಗಿ ನಿಂತಿತ್ತು. ಆ ವ್ಯಕ್ತಿ ಅದನ್ನು ಕಂಡು ಮುಂದೆ ಸಾಗಿದ. ಅಥವಾ ಕಾಣದಂತೆ ಬಣ್ಣವನ್ನು ಮರೆಮಾಡಿ ಮುಂದೆ ಸಾಗಿದ. ಇದನ್ನು ನಾನು ಅಧಿಕಾರಿಗೆ ಹೇಳಿದಾಗ ಅವರು ಮೊದಲ ಸಲ ಸ್ವಲ್ಪ ಮೆತ್ತಗಾದರು.

“ನಾನೂ ಒಂದು ಪೇಜು ನೋಡಿದೆನಮ್ಮಾ,” ಎಂದರು, ಈ ಸಲ ತಮಗೆ ಬರುವಷ್ಟು ಕನ್ನಡದಲ್ಲಿ. “ಮ್ಯಾಲೆ ಪದ್ಯ ಇತ್ತು. ಗುಂಡಗ, ನಮ್ಮ ಅಕ್ಷರದಂಗೇ. ಕೆಳಗ ಬಾಕ್ಸು ಇದ್ದವು. ಪಿಲ್ಲಲು ಬರಿಯಾಕ ಇಟ್ಟಾರ ಅಂದ್ಕೊಂಡೆ. ಅಭ್ಯಾಸ ಪುಸ್ತಕ ಕದಾ?”

ಮಕ್ಕಳು ತುಂಬಲೆಂದು ಬಿಟ್ಟ ಖಾನೆಗಳು ಎಂದುಕೊಂಡಿದ್ದರು. ನಾನು ಸುಳ್ಳೆಂದು ಕೂಗಾಡಲು ಸಿದ್ಧಳಾಗಿದ್ದೆ, ಆದರೆ ಅದು ಸುಳ್ಳಾಗಿರಲಿಲ್ಲ. ಆ ಮನುಷ್ಯ ನಿಜವನ್ನೇ ಹೇಳುತ್ತಿದ್ದರು. ನಮ್ಮ ಲಿಪಿ ಅವರ ಲಿಪಿಯ ಪಕ್ಕದ ಮನೆಯದು. ನೋಡಿದರೆ ಗೊತ್ತಿದೆ ಅನ್ನಿಸುತ್ತದೆ. ಹಾಗನ್ನಿಸುವುದರಿಂದ ಯಾರೂ ಓದಿಸಿ ನೋಡುವುದಿಲ್ಲ. ಓದಲು ಬಾರದ ಪುಸ್ತಕಕ್ಕೆ ಒಪ್ಪಿಗೆ ಕೊಡುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳಿದೆ. ಆಮೇಲೆ ಅದನ್ನೇ ಲಿಖಿತವಾಗಿ ಕೇಳಿದೆ. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿದೆ ಎಂದು ಪ್ರತಿ ಸಲವೂ ಸೌಜನ್ಯದಿಂದಲೇ ತಿಳಿಸಿದರು. ಆ ಸೌಜನ್ಯದ ಎದುರು ನನ್ನ ಸಿಟ್ಟು ಎಲ್ಲಿ ಹೋಗಿ ಬೀಳಬೇಕೆಂದು ತಿಳಿಯದೆ ನನ್ನೊಳಗೇ ಉರಿಯಿತು. ಹೆಸರೇನು ಪ್ರಿಂಟ್ ಆಗ್ತೈತೇನು ಎಂದಿದ್ದರು ಮಾಮ. ತೆಲುಗಿನ ಶೈಲಿಗಳನ್ನು ತರುವ ಗುಂಡಿ ಒತ್ತಿದವರ ಹೆಸರೂ ಎಲ್ಲಿಯೂ ಅಚ್ಚಾಗಲಿಲ್ಲ.

ಸರಿಯಾದ ಪುಟಗಳು ನನ್ನ ಕಂಪ್ಯೂಟರಿನಲ್ಲಿದ್ದವು. ಅವನ್ನು ಮುದ್ರಿಸಿ ಎಲ್ಲ ಕನ್ನಡ ಶಾಲೆಗಳಿಗೂ ಹಂಚೋಣ ಎಂದೆ. ಮಾಮ, “ಅವರ ಪುಸ್ತಕವ್ವಾ ಅದು. ಅವರು ಹೇಳದ ನಾವು ಒತ್ತಿದ್ರ ನಾಳಿಗೆ ತಪ್ಪು ನಮ್ಮ ಮ್ಯಾಲೇ ಬರ್ತೈತಿ,” ಎಂದರು. ಆದರೆ ಸಂಜೆ ತಾವೇ ಕಟ್ಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ನಾ ನೋಡಿಲ್ಲ ಇದನ್ನ,” ಎಂದು ಹೊರಟುಹೋದರು. ಜೆರಾಕ್ಸ್ ಮಾಡಿಸಿದ ಹಾಳೆಗಳು. ಸಣ್ಣಮ್ಮನ ಶಾಲೆಗೆ ಅವು ಸಾಕಾದವು. ಉಳಿದ ಕೆಲವನ್ನು ಚೀಲಕ್ಕೆ ಹಾಕಿಕೊಂಡು ನಂದವರಂ ಕಡೆಯ ಹಳ್ಳಿಯೊಂದರ ಶಾಲೆಗೆ ಹೋದೆ. ಅಲ್ಲಿ ಕನ್ನಡ ಕಲಿಸುವವರ ಹುದ್ದೆ ಖಾಲಿಯಿತ್ತು, ಹಲಗೆಯ ಮೇಲೆ ಬರೆದು ಕೊಡುವವರೂ ಇರಲಿಲ್ಲ.

ಮುಖ್ಯೋಪಾಧ್ಯಾಯರು ಹಾಳೆಗಳನ್ನು ತಿರುವಿ ನೋಡಿದರು. ಒಳ್ಳೆಯವರು. ಕುರ್ಚಿ ಹಾಕಿಸಿದರು.

“ಭಾಳ ಚಲೋ ಕೆಲ್ಸಮ್ಮಾ. ಆದ್ರ ಆಫೀಸಿನ ಕಾಗದ ಇಲ್ಲದ ನಾ ಇದನ್ನ ಹಂಚಂಗಿಲ್ಲ. ಪರೀಕ್ಷಿ ಮುಂದ ಯಾರೋ ಹೊರಗಿನೋರು ಬಂದು ಪ್ರಶ್ನಿ ಕೊಟ್ರು ಅಂತಾದ್ರ? ಏನಂತಾರು ನನಗ?”

“ಇವು ನಿಮ್ಮ ಪುಸ್ತಕದ್ದೇ ಪ್ರಶ್ನೆ ಸಾರ್!”

“ನೀವಂತೀರಿ. ನನ್ನ ಪುಸ್ತಕದಾಗ ಬರೀ ಬಾಕ್ಸು ಅದಾವ. ನಾ ಹೆಂಗ ತಾಳೆ ನೋಡ್ಲಿ?”

ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಬೇವಿನ ಗಿಡದ ನೆರಳು ಬೀಳುವ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅದೇ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಚೀಲದಿಂದ ಹಾಳೆಗಳನ್ನು ತೆಗೆದು ಅವಳಿಗೆ ಕೊಟ್ಟೆ. ಅವಳು ಆಸೆಯಿಂದಲೇ ತೆಗೆದುಕೊಂಡಳು. ಆಮೇಲೆ ಮುಖ್ಯೋಪಾಧ್ಯಾಯರ ಕೋಣೆಯ ಕಡೆ ನೋಡಿ, ಅಂಚು ಮಡಚದಂತೆ ಜೋಡಿಸಿ ಹಿಂದಕ್ಕೆ ಕೊಟ್ಟಳು.

“ಬ್ಯಾಡಕ್ಕಾ. ಸಾರ್ ಬೈತಾರ.”

ಅವಳ ಪುಸ್ತಕವನ್ನು ಬಗ್ಗಿ ನೋಡಿದೆ. ಪದ್ಯದ ಕೆಳಗಿನ ಚೌಕಗಳನ್ನು ಅವಳು ತುಂಬುತ್ತಿದ್ದಳು, ಒಂದು ಚೌಕಕ್ಕೆ ಒಂದು ಅಕ್ಷರ, ದುಂಡಗೆ. ಪದ್ಯವನ್ನು ತಾನೇ ಓದಿಕೊಂಡು, ಅದರ ಅರ್ಥವನ್ನು ಸಾಲಿನ ಅಳತೆಗೆ ಹೊಂದಿಸಿ ಬರೆದಿದ್ದಳು. ತಪ್ಪಾದಲ್ಲಿ ಅಳಿಸಿ ಮತ್ತೆ ಬರೆದಿದ್ದರಿಂದ ಕಾಗದ ಅಲ್ಲಲ್ಲಿ ಸವೆದಿತ್ತು. ಕಂಪ್ಯೂಟರು ಕೊಂಬು, ಇಳಿ, ಒತ್ತುಗಳಿಗೆಲ್ಲ ಬೇರೆ ಬೇರೆ ಚೌಕ ಕೊಡುತ್ತದೆ. ನಾವು ಬರೆಯುವ ಅಕ್ಷರಗಳಿಗಿಂತ ಚೌಕಗಳು ಯಾವಾಗಲೂ ಹೆಚ್ಚು. ಅದು ಅವಳಿಗೆ ತಿಳಿಯುವ ಮಾತಲ್ಲ. ಕೊನೆಯ ಸಾಲಿನಲ್ಲಿ ‘ಕವಿ ಹೇಳಿದ್ದೆಲ್ಲ ಸರಿ ಇದೆ’ ಎಂದು ಬರೆದು ನಿಲ್ಲಿಸಿದ್ದಳು.

“ಅಕ್ಕಾ, ಇಲ್ಲಿ ಇನ್ನ ಖಾನಿ ಉಳದಾವ. ಏನ್ ಬರೀಲಿ?”

ಆ ಸಾಲು ಯಾವುದೆಂದು ನನಗೆ ಗೊತ್ತಿತ್ತು. ಅದು ಸಣ್ಣಮ್ಮನ ಕೊನೆಯ ಪ್ರಶ್ನೆ. ಬಾಯಿಮಾತಿಗೆ ಕಚೇರಿಯ ಕಾಗದ ಬೇಕಿಲ್ಲ ಎಂದುಕೊಂಡು ಮೆಲ್ಲಗೆ ಹೇಳಿದೆ: “ಅದು ತುಂಬೋ ಖಾನಿ ಅಲ್ಲವ್ವಾ. ಅಲ್ಲಿ ಒಂದು ಪ್ರಶ್ನಿ ಇತ್ತು. ಈ ಪದ್ಯದಾಗ ನೀನು ಒಪ್ಪದ ಮಾತು ಯಾವುದು, ಏಕೆ ಅಂತ.”

ಅವಳು ಪದ್ಯವನ್ನು ಮತ್ತೊಮ್ಮೆ ಓದಿದಳು, ತುಟಿ ಅಲುಗಿಸುತ್ತ. ಯಾವುದೋ ಒಂದು ಸಾಲಿನ ಬಳಿ ಅವಳ ಪೆನ್ಸಿಲು ನಿಂತಿತು. ಹೇಳಲು ಬಾಯಿ ತೆರೆದಳು. ಆಮೇಲೆ ಚೌಕಗಳ ಕಡೆ ನೋಡಿ, ತಾನು ಬರೆದದ್ದನ್ನು ನೋಡಿ, ತಲೆಯಾಡಿಸಿದಳು.

“ಅದು ಇಷ್ಟು ಖಾನ್ಯಾಗ ಹಿಡಿಸಂಗಿಲ್ಲಕ್ಕಾ,” ಎಂದಳು.

ಒಳಗಿನಿಂದ ಮುಖ್ಯೋಪಾಧ್ಯಾಯರು ಅವಳನ್ನು ಕರೆದರು. ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಹಾಳೆಗಳು ನನ್ನ ಕೈಯಲ್ಲೇ ಉಳಿದವು.